ಸುರಪುರದ ರಾಜಾ ವೆಂಕಟಪ್ಪ ನಾಯಕ ಮತ್ತು ಟೇಲರ್ ಸಾಹೇಬ

ಯಾದಗಿರಿ ಜಿಲ್ಲೆಯ ಸುರಪುರ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹಬ್ಬಿದ್ದ ಬೇಡ ನಾಯಕರ ಸಂಸ್ಥಾನದ ರಾಜಧಾನಿ. ಈ ನಾಯಕರನ್ನು ಮಣಿಸಲು 1705ರಲ್ಲಿ ಮುದಿ ಔರಂಗಜೇಬನೇ ವಾಗಿನಗೇರಿ ಕೋಟೆಗೆ ದಂಡೆತ್ತಿ ಬರಬೇಕಾಯಿತು. ಕೋಟೆ ಬಿದ್ದಿತು, ಅದರ ಒಡೆಯ ಪಿಡ್ಡ ನಾಯಕ ಮಾತ್ರ ಕೈಗೆ ಸಿಗಲಿಲ್ಲ. ಮುಂದೆ ಸಂಸ್ಥಾನ ನಿಜಾಮನಿಗೆ ಕಪ್ಪ ಕೊಡುವ ಸ್ಥಿತಿಗೆ ಇಳಿಯಿತು, ಬಾಕಿ ಬೆಳೆಯಿತು, ಅದರ ಜೊತೆಗೆ ಕಂಪನಿ ಸರ್ಕಾರದ ಕೈಯೂ ಒಳಗೆ ಬಂತು.

1840ರ ದಶಕದ ಆರಂಭದಲ್ಲಿ ಸುರಪುರದ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಹುಡುಗ. ರಾಣಿ ಈಶ್ವರಮ್ಮನಿಗೂ ಅಧಿಕಾರಿಗಳಿಗೂ ಹೊಂದಿಕೆಯಾಗಲಿಲ್ಲ. ಆಡಳಿತ ನೋಡಿಕೊಳ್ಳಲು ಬಂದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ವ್ಯಾಪಾರಕ್ಕೆಂದು ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿದ್ದ ಈತ ಠಕ್ಕರ ಕಥೆ ಬರೆದು 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ. ಸುರಪುರದಲ್ಲಿ ಅವನು ಕಂದಾಯದ ಲೆಕ್ಕ ಸರಿಪಡಿಸಿದ, ಕೆರೆಗಳ ಕಡೆ ಗಮನ ಕೊಟ್ಟ, ಗುಡ್ಡದ ಮೇಲೆ ತನಗೊಂದು ಬಂಗಲೆ ಕಟ್ಟಿಸಿದ. ಅದೇ ಟೇಲರ್ ಮಂಜಿಲ್. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಂತ ಬಂಡೆಗಳನ್ನೂ ರಾಜನಕೋಳೂರಿನ ಕಲ್ಮನೆಗಳನ್ನೂ ಪರಿಶೀಲಿಸಿ ವರದಿ ಮಾಡಿದವನೂ ಅವನೇ. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಅಧ್ಯಯನದಲ್ಲಿ ಆ ಬರಹಗಳಿಗೆ ಇಂದಿಗೂ ಸ್ಥಾನವಿದೆ. ಬಾಲರಾಜ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ.

1853ರಲ್ಲಿ ವೆಂಕಟಪ್ಪನಿಗೆ ಅಧಿಕಾರ ಒಪ್ಪಿಸಿ ಟೇಲರ್ ನಳದುರ್ಗದ ಕಡೆಗೆ ಹೋದ. ಐದು ವರ್ಷಗಳಲ್ಲಿ ಎಲ್ಲ ತಲೆಕೆಳಗಾಯಿತು. ಉತ್ತರ ಭಾರತದ ಸಿಪಾಯಿ ದಂಗೆಯ ಸುದ್ದಿ ಹಬ್ಬಿತ್ತು, ಹಲಗಲಿಯ ಬೇಡರು ಆಗಲೇ ಎದ್ದಿದ್ದರು, ಮುಂಡರಗಿ ಮತ್ತು ನರಗುಂದಗಳಲ್ಲಿ ಅಸಮಾಧಾನ ಕುದಿಯುತ್ತಿತ್ತು. 1858ರ ಫೆಬ್ರುವರಿಯಲ್ಲಿ ಸುರಪುರದ ಪಡೆ ಕಂಪನಿಯ ದಂಡಿನ ಮೇಲೆ ರಾತ್ರಿ ಬಿದ್ದಿತು. ಮರುದಿನದ ಕಾಳಗದಲ್ಲಿ ಕಂಪನಿಯ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೈನ್ಯ ಬರುವುದನ್ನು ಅರಿತ ರಾಜ ಹೈದರಾಬಾದಿಗೆ ಹೋದ, ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗನ ಜನ ಅವನನ್ನು ಹಿಡಿದು ಇಂಗ್ಲಿಷರಿಗೆ ಒಪ್ಪಿಸಿದರು.

ರಾಜನಿಗೆ ಮೊದಲು ವಿಧಿಸಿದ ಮರಣದಂಡನೆ ಇಳಿದು, ಕೊನೆಗೆ ನಾಲ್ಕು ವರ್ಷ ಚೆಂಗಲ್ಪಟ್ಟಿನ ಸೆರೆ ಎಂದಾಯಿತು. ಅಲ್ಲಿಗೆ ಹೋಗುವ ದಾರಿಯಲ್ಲೇ, 1858ರ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜ ಗುಂಡು ಹಾರಿಸಿಕೊಂಡ ಎಂದು ಟೇಲರ್ ಬರೆಯುತ್ತಾನೆ. ಈ ಮಾತನ್ನು ಒಪ್ಪದೆ, ಇಂಗ್ಲಿಷರೇ ಕೊಂದರು ಎನ್ನುವವರೂ ಇದ್ದಾರೆ. ಶಿಕ್ಷೆ ಅಷ್ಟು ಕಡಿಮೆಯಾದ ಮೇಲೆ ಇಪ್ಪತ್ತರ ಹರೆಯದ ಯುವಕ ಹಾಗೇಕೆ ಮಾಡಿಕೊಂಡಾನು ಎಂಬ ಅವರ ಅನುಮಾನ ತಳ್ಳಿಹಾಕುವಂಥದ್ದಲ್ಲ. ಆ ದಿನಗಳ ಬಗ್ಗೆ ಹೆಚ್ಚು ಓದಲ್ಪಡುವುದು ಟೇಲರನ ಆತ್ಮಕಥೆಯೇ. ರಾಜನ ಮೇಲೆ ಅವನಿಗಿದ್ದ ಮಮತೆ ಸುಳ್ಳಲ್ಲ, ಆದರೆ ಅವನು ಉಣ್ಣುತ್ತಿದ್ದುದು ಇಂಗ್ಲಿಷರ ಅನ್ನ.

ಸುರಪುರ 1860ರಲ್ಲಿ ನಿಜಾಮನ ಪಾಲಾಯಿತು, 1948ರಲ್ಲಿ ಹೈದರಾಬಾದಿನೊಂದಿಗೆ ಭಾರತಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿತು. ಗುಲ್ಬರ್ಗ ಜಿಲ್ಲೆಯನ್ನು ಒಡೆದು 2010ರಲ್ಲಿ ಯಾದಗಿರಿ ಜಿಲ್ಲೆ ಆದಾಗ ಅದರ ಒಂದು ತಾಲ್ಲೂಕಾಯಿತು. ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ವೆಂಕಟಪ್ಪ ನಾಯಕನ ಹೆಸರು ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯರ ಸಾಲಿನಲ್ಲಿ ಬರುತ್ತದೆ. ಟೇಲರ್ ಮಂಜಿಲ್ ಅದೇ ಹೆಸರಿನಲ್ಲಿ ಸುರಪುರದ ಗುಡ್ಡದ ಮೇಲಿದೆ.