ಕುದುರೆ ದಾರಿ, ಗುಟ್ಟಿನ ಕೋಣೆ, ಮೊದಲ ಕೈ

ಆಟದೊಳಗೆ ಗುಟ್ಟು ಅಡಗಿಸಿಡೋದು ಕಂಪ್ಯೂಟರ್ ಬಂದ ಮೇಲಿನ ಬುದ್ಧಿವಂತಿಕೆ ಅಂತ ನಮ್ಮನೆ ಹುಡುಗ್ರೆಲ್ಲ ನಂಬಿದಾರೆ. ಅವರು ಅದಕ್ಕೆ ‘ಈಸ್ಟರ್ ಎಗ್’ ಅಂತಾರೆ. ಮೊಟ್ಟೆಗೂ ಆಟಕ್ಕೂ ಎಂತ ಸಂಬಂಧ ಅಂತ ಕೇಳಿದ್ದಕ್ಕೆ ದೊಡ್ಡ ಕಥೆಯೇ ಹೇಳಿದ್ರು. ಕಥೆ ಚೆನ್ನಾಗಿದೆ. ಆದ್ರೆ ಅದಕ್ಕಿಂತ ಹಳೇ ಕಥೆ ನಮ್ಮ ಮೈಸೂರಲ್ಲೇ ಇದೆ, ಇನ್ನೊಂದು ನಮ್ಮ ಜಗಲಿ ಮೇಲೇ ಇದೆ. ಹಾಗಾಗಿ ಈ ಸಲ ಹಪ್ಪಳ ಸಂಡಿಗೆ ಬದಿಗಿಟ್ಟು ಆಟದ ಚರಿತ್ರೆ.

ಮೊದಲು ಅವರ ಕಥೆ. ಅಮೆರಿಕದ ಅಟಾರಿ ಕಂಪನಿ ಟೀವಿಗೆ ಜೋಡಿಸಿ ಆಡೋ ಪೆಟ್ಟಿಗೆ ಮಾಡ್ತಿತ್ತು. ಅದಕ್ಕೆ ಅಂತ 1980ರಲ್ಲಿ ‘ಅಡ್ವೆಂಚರ್’ ಅನ್ನೋ ಆಟ ಬಂತು. ಥೇಟ್ ಅಜ್ಜಿ ಕಥೆನೇ. ಮೂರು ಕೋಟೆ, ಮೂರು ಬಣ್ಣದ ಡ್ರ್ಯಾಗನ್, ಕೈಲಿದ್ದದ್ದನ್ನ ಕಸ್ಕೊಂಡು ಹಾರಿ ಹೋಗೋ ಒಂದು ಬಾವಲಿ. ಎಲ್ಲ ದಾಟಿ ಚಿನ್ನದ ಬಟ್ಟಲು ಹುಡುಕಿ ಮನೆಗೆ ತರಬೇಕು. ವೀರ ಅಂದ್ರೆ ಬರೀ ಒಂದು ಚೌಕ, ಮುಖ ಇಲ್ಲ ಮೂತಿ ಇಲ್ಲ. ಇಡೀ ಆಟಕ್ಕೆ ಇದ್ದ ಜಾಗ 4 ಕಿಲೋಬೈಟ್. ಇವತ್ತು ವಾಟ್ಸಾಪಿನಲ್ಲಿ ಬರೋ ಒಂದು ‘ಶುಭೋದಯ’ದ ಪಟ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು ಮಾರಾಯ್ತಿ.

ಅದನ್ನ ಮಾಡಿದವ ವಾರೆನ್ ರಾಬಿನೆಟ್ ಅಂತ, ಒಬ್ಬನೇ ಕೂತು ಮಾಡಿದ್ದು. ಆದ್ರೆ ಕಂಪನಿಯವರು ಆಟ ಮಾಡಿದವರ ಹೆಸರು ಡಬ್ಬದ ಮೇಲೂ ಹಾಕ್ತಿರ್ಲಿಲ್ಲ, ಆಟದಲ್ಲೂ ತೋರಿಸ್ತಿರ್ಲಿಲ್ಲ. ಆಟ ಸುಮಾರು ಹತ್ತು ಲಕ್ಷ ಮಾರಾಟ ಆಯ್ತು, ಅವನಿಗೆ ಸಿಕ್ಕಿದ್ದು ಸಂಬಳ ಮಾತ್ರ. ಅವನು ಎಂತ ಮಾಡಿದ ಅಂದ್ರೆ, ಆಟದೊಳಗೆ ಯಾರಿಗೂ ಹೇಳದೆ ಒಂದು ಕೋಣೆ ಕಟ್ಟಿದ. ಕಪ್ಪು ಕೋಟೆಯ ಒಳಗಿನ ಸುತ್ತುದಾರಿಲಿ, ಬಾಗಿಲಿಲ್ಲದ ಒಂದು ಮೂಲೆಲಿ, ಸಾಸಿವೆ ಕಾಳಿನಷ್ಟು ಬೂದು ಚುಕ್ಕಿ. ಗೋಡೆಗೂ ಅದೇ ಬಣ್ಣ, ಕಣ್ಣಿಗೆ ಬೀಳೋದಿಲ್ಲ. ಆಟದಲ್ಲಿರೋ ಸೇತುವೆಯನ್ನ ಗೋಡೆಗೆ ಅಡ್ಡ ಇಟ್ಟು ಒಳಗೆ ಹೋಗಿ ಆ ಚುಕ್ಕಿ ಹೊತ್ತು ತರಬೇಕು. ಇನ್ನೊಂದು ಕಡೆ ಒಂದು ಗಟ್ಟಿ ಗೆರೆ ದಾರಿಗೆ ಅಡ್ಡ ನಿಂತಿರ್ತದೆ. ಆ ಪೆಟ್ಟಿಗೆಗೆ ಒಂದೇ ಕೋಣೆಲಿ ಎರಡಕ್ಕಿಂತ ಹೆಚ್ಚು ಸಾಮಾನು ಒಟ್ಟಿಗೆ ತೋರಿಸೋ ಶಕ್ತಿ ಇರ್ಲಿಲ್ಲ, ಎಲ್ಲ ಮಿಣಕ್ ಮಿಣಕ್ ಅಂತಿತ್ತು. ಚುಕ್ಕಿ ಜೊತೆ ಬೇರೆ ಸಾಮಾನನ್ನೂ ಅಲ್ಲಿಗೆ ಹೊತ್ತು ತಂದು ಹಾಕಿದ್ರೆ ಗೆರೆಯೂ ಮಿಣುಕ್ತದೆ, ನುಗ್ಗಿದ್ರೆ ಆಚೆ ಕೋಣೆ. ಅಲ್ಲಿ ಬಣ್ಣ ಬಣ್ಣವಾಗಿ ಅವನ ಹೆಸರು.

ಇದು ಸಿಕ್ಕೋ ಹೊತ್ತಿಗೆ ಅವನು ಕೆಲಸ ಬಿಟ್ಟಾಗಿತ್ತು. ಸಾಲ್ಟ್ ಲೇಕ್ ಸಿಟಿ ಅನ್ನೋ ಊರಿನ 15 ವರ್ಷದ ಹುಡುಗ ಒಬ್ಬ ಕಂಪನಿಗೆ ಕಾಗದ ಬರೆದು ಕೇಳಿದ ಮೇಲೇ ಅವರಿಗೆ ಗೊತ್ತಾದ್ದು. ಈಸ್ಟರ್ ಹಬ್ಬಕ್ಕೆ ಅವರ ಕಡೆ ಮಕ್ಕಳು ಹುಡುಕ್ಲಿ ಅಂತ ಮೊಟ್ಟೆ ಬಚ್ಚಿಡ್ತಾರಂತೆ, ಅದಕ್ಕೇ ಆ ಹೆಸರು. ತನ್ನ ಹೆಸರು ನೇರ ಬರೆಯೋಕೆ ಬಿಡದೇ ಇದ್ದವ ಅದನ್ನ ಆಟದೊಳಗೆ ಬಚ್ಚಿಟ್ಟ, ನನಗೆ ಮನಸ್ಸಿಗೆ ಹತ್ತಿದ್ದು ಅದು.

ಈಗ ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಇವರನ್ನ ಪಟ್ಟಕ್ಕೆ ಕೂರಿಸಿದಾಗ ಇನ್ನೂ 5 ತುಂಬದ ಮಗು. ಅಜ್ಜಿ ಲಕ್ಷ್ಮಮ್ಮಣ್ಣಿ ಬೆನ್ನಿಗಿದ್ರು, ದಿವಾನ್ ಪೂರ್ಣಯ್ಯ ರಾಜ್ಯಭಾರ ನಡೆಸಿದ್ರು. ದೊಡ್ಡವರಾಗಿ ತಾವೇ ಆಳೋಕೆ ಶುರು ಮಾಡಿ ಇಪ್ಪತ್ತು ವರ್ಷ ಆಗ್ತಿದ್ದ ಹಾಗೆ, 1830ರಲ್ಲಿ ನಮ್ಮ ಮಲೆನಾಡಿನ ನಗರ ಸೀಮೆಲಿ ರೈತರ ದಂಗೆ ಎದ್ದಿತು. ಅದನ್ನೇ ನೆಪ ಮಾಡ್ಕೊಂಡು 1831ರಲ್ಲಿ ಕಂಪನಿಯವರು ಆಡಳಿತ ಪೂರ್ತಿ ಕಿತ್ಕೊಂಡ್ರು. ಕಿರೀಟ ಉಳೀತು, ಅಧಿಕಾರ ಹೋಯ್ತು. ವಾಪಸ್ ಕೊಡಿ ಅಂತ ವರ್ಷಗಟ್ಲೆ ಬರೀತಲೇ ಇದ್ರು. 1868ರಲ್ಲಿ ತೀರಿಕೊಂಡ್ರು, ಕೊನೆಗೂ ಅಧಿಕಾರ ವಾಪಸ್ ಬಂದದ್ದು 1881ರಲ್ಲಿ, ದತ್ತು ಮಗನ ಕಾಲಕ್ಕೆ.

ಆ ಮಧ್ಯದ ವರ್ಷಗಳಲ್ಲಿ ಅರಮನೆಲಿ ಸಂಗೀತ, ಪುಸ್ತಕ, ಚಿತ್ರದ ಜೊತೆಗೆ ಆಟಗಳೂ ಬೆಳೆದ್ವು. ‘ಶ್ರೀತತ್ತ್ವನಿಧಿ’ ಅಂತ ಅವರ ಹೆಸರಲ್ಲಿರೋ ದೊಡ್ಡ ಗ್ರಂಥದಲ್ಲಿ ಒಂಬತ್ತು ನಿಧಿ, ಒಂಬತ್ತನೇದು ಕೌತುಕನಿಧಿ. ಅದು ಪೂರ್ತಿ ಆಟದ್ದೇ. ಛದ ಅಂದ್ರೆ ಎಲೆ ಆಟ, ಈಗಿನ ಇಸ್ಪೀಟಿನ ಹಾಗೆ, ಆದ್ರೆ ಎಲೆಗಳ ಮೇಲೆಲ್ಲ ದೇವರು. ಚಾಮುಂಡೇಶ್ವರಿ ಛದ ಒಂದು. ಇನ್ನೊಂದರ ಹೆಸರು ನೋಡಿ, ಕೃಷ್ಣರಾಜ ಛದ! ರಾಜ್ಯದ ಕಾಗದದಲ್ಲಿ ಹೆಸರಿಗೆ ಬೆಲೆ ಇಲ್ಲದಾಗ ಆಟದ ಎಲೆಗೆ ಹೆಸರು ಹೋಯ್ತು. ಹೀಗಂತ ಪುಸ್ತಕದಲ್ಲಿ ಬರೆದಿಲ್ಲ, ಇದು ನನ್ನ ಮಾತು. ಜಗನ್ಮೋಹನ ಅರಮನೆ ನೋಡಿದವರು ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ ಬಂದುಬಿಡ್ತಾರೆ. ಮೇಲಿನ ರಂಗಮಹಲ್ ಗೋಡೆಲಿ ಈ ಆಟಗಳನ್ನೇ ಬರೆಸಿದಾರೆ, ಹತ್ತಿ ನೋಡಬೇಕು.

ಅವರಿಗೆ ಎಲ್ಲಕ್ಕಿಂತ ಹುಚ್ಚು ಹಿಡಿಸಿದ್ದು ಚದುರಂಗದ ಕುದುರೆ. ಕುದುರೆ ನಡಿಗೆ ಗೊತ್ತಲ್ಲ, ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಹೀಗೆ ನೆಗೀತಾ ಹಲಗೆಯ ಎಲ್ಲ ಮನೆಗೂ ಒಂದೊಂದೇ ಸಲ ಹೋಗಿಬರಬೇಕು, ಒಂದು ಮನೆಯೂ ಬಿಡಬಾರದು, ಎರಡನೇ ಸಲ ತುಳಿಯಬಾರದು. ಇದೊಂದು ಗುಟ್ಟಿನ ದಾರಿ. ಇದನ್ನ ನಮ್ಮ ಕವಿಗಳು ಬಹಳ ಹಿಂದೇ ಶ್ಲೋಕದೊಳಗೆ ಅಡಗಿಸಿದ್ರು. 9ನೇ ಶತಮಾನದಲ್ಲಿ ಕಾಶ್ಮೀರದ ರುದ್ರಟ ಬರೆದಿದಾನೆ, ಇದಕ್ಕೆ ತುರಗಪದ ಬಂಧ ಅಂತ ಹೆಸರು. 14ನೇ ಶತಮಾನದ ವೇದಾಂತ ದೇಶಿಕರದ್ದು ಇನ್ನೂ ಬೆರಗು. ಶ್ರೀರಂಗದ ಮೇಲೆ ದಾಳಿ ಆದಾಗ ನಮ್ಮ ಕೊಳ್ಳೇಗಾಲದ ಹತ್ತಿರದ ಸತ್ಯಾಗಾಲದಲ್ಲಿ ಬಂದು ಇದ್ರು ಅಂತ ಹೇಳ್ತಾರಲ್ಲ, ಅವರೇ. ‘ಪಾದುಕಾ ಸಹಸ್ರ’ದಲ್ಲಿ ಅಕ್ಕಪಕ್ಕ ಎರಡು ಅನುಷ್ಟುಪ್ ಶ್ಲೋಕ ಇಟ್ಟಿದಾರೆ. ಅನುಷ್ಟುಪ್ ಅಂದ್ರೆ ಎಂಟೆಂಟು ಅಕ್ಷರದ ನಾಲ್ಕು ಪಾದ, ಒಟ್ಟು 32. ಮೊದಲ ಶ್ಲೋಕವನ್ನ ನಾಲ್ಕು ಸಾಲು ಎಂಟು ಮನೆ ಮಾಡಿ ಬರ್ಕೊಂಡು, ಎಡಗಡೆ ಮೇಲಿನ ಮೂಲೆಯಿಂದ ಕುದುರೆ ನಡೆಸಿದ ಹಾಗೆ ಅಕ್ಷರ ಓದ್ತಾ ಹೋದ್ರೆ ಎರಡನೇ ಶ್ಲೋಕ ಎದ್ದು ಬರ್ತದೆ. ಎರಡಕ್ಕೂ ಅರ್ಥ ಇದೆ, ಎರಡೂ ಪಾದುಕೆಯ ಸ್ತುತಿಯೇ.

ಮುಮ್ಮಡಿಯವರು ಅಕ್ಷರದ ಜಾಗಕ್ಕೆ ಲೆಕ್ಕ ತಂದ್ರು. ಕುದುರೆ ಮೊದಲು ನಿಂತ ಮನೆಗೆ 1, ನೆಗೆದ ಮನೆಗೆ 2, ಹೀಗೆ ಅಂಕಿ ಹಾಕ್ತಾ ಹೋಗೋದು. 12 ಸಾಲು, ಸಾಲಿಗೆ 12 ಮನೆಯ ಹಲಗೆಲಿ ಅವರು ಮಾಡಿದ ದಾರಿ ಒಂದಿದೆ. 1ರಿಂದ 144ರ ತನಕ ಕುದುರೆ ಎಲ್ಲೂ ತಪ್ಪೋದಿಲ್ಲ. ಜೊತೆಗೆ ಯಾವ ಅಡ್ಡಸಾಲು ಕೂಡಿದ್ರೂ 870, ಯಾವ ಕಂಬಸಾಲು ಕೂಡಿದ್ರೂ 870. ಕಾಗದ ಪೆನ್ಸಿಲ್ ಹಿಡಿದು ಕೂತು ಮಾಡಿದ್ದು! ಮಾಮೂಲಿ 64 ಮನೆ ಹಲಗೆಲಿ ಮೂಲೆ ಲೆಕ್ಕವೂ ಸೇರಿ ಹೀಗೆ ಕೂಡಿಬರೋ ದಾರಿ ಇಲ್ಲವೇ ಇಲ್ಲ ಅಂತ ತೀರ್ಮಾನ ಆಗಿದ್ದು 2003ರಲ್ಲಿ, ಅದೂ ಕಂಪ್ಯೂಟರುಗಳು ಎರಡು ತಿಂಗಳು ಲೆಕ್ಕ ಮಾಡಿದ ಮೇಲೆ.

ರಾಜರು, ಆಚಾರ್ಯರು ಹಾಗಿರ್ಲಿ. ಹೆಸರು ಅಡಗಿಸೋ ವಿದ್ಯೆ ನಮ್ಮ ಹೆಂಗಸರಿಗೇನು ಹೊಸದಲ್ಲ. ಗಂಡನ ಹೆಸರು ಬಾಯಿ ಬಿಟ್ಟು ಹೇಳಬಾರದು ಅಂತಿದ್ದ ಕಾಲದಲ್ಲಿ ಮದುವೆ ಮನೆಲಿ ಒಗಟು ಕಟ್ಟಿ, ಅದರ ಕೊನೆಗೆ ಹೆಸರು ತೂರಿಸಿ ಹೇಳ್ತಿದ್ರಲ್ಲ. ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಹೆಸರು ಬೀಳದ ಹೊರತು ಒಳಗೆ ಬಿಡ್ತಿರ್ಲಿಲ್ಲ. ಆದ್ರೆ ಅದರಲ್ಲಿ ಅಡಗಿದ್ದು ಗಂಡನ ಹೆಸರು, ಕಟ್ಟಿದವಳದ್ದಲ್ಲ. ಎಷ್ಟು ಚಂದದ ಒಗಟು ಯಾರು ಕಟ್ಟಿದ್ರೋ ಯಾರಿಗೂ ಗೊತ್ತಿಲ್ಲ.

ಚೆನ್ನೆಮಣೆಲೂ ಹಾಗೇ ಆಗಿದೆ. ನಮ್ಮಜ್ಜಿ ಮಳೆಗಾಲದಲ್ಲಿ ಮಣೆ ತೆಗೆದ್ರೆ ಯಾವಾಗ್ಲೂ ‘ಮೊದಲ ಕೈ ನಂದು’ ಅಂತಿದ್ರು. ದೊಡ್ಡವರು ಅಂತ ನಾವು ಬಿಟ್ಕೊಡ್ತಿದ್ವಿ. ಈಗ ಲೆಕ್ಕ ಹಾಕಿದ್ರೆ ಗೊತ್ತಾಗ್ತದೆ ಅದರ ಗುಟ್ಟು. ನಮ್ಮನೆ ಪದ್ಧತಿ ಹೀಗೆ. ಏಳೇಳರ ಎರಡು ಸಾಲು, 14 ಗುಳಿ, ಗುಳಿಗೆ 4ರಂತೆ 56 ಕಾಳು. ನಮ್ಮ ಸಾಲಿನ ಒಂದು ಗುಳಿ ಎತ್ತಿ ಬಲಕ್ಕೆ ಒಂದೊಂದೇ ಬಿಡ್ತಾ ಹೋಗೋದು, ಮುಗಿದಾಗ ಮುಂದಿನ ಗುಳಿ ಎತ್ತೋದು. ಮುಂದಿನದ್ದು ಖಾಲಿ ಇದ್ರೆ ಅದರಾಚೆಯ ಗುಳಿಲಿ ಇದ್ದದ್ದು ನಮಗೆ, ಅಲ್ಲಿಗೆ ಕೈ ಮುಗೀತು.

ಮಣೆ ತಗೊಂಡು ಮಾಡಿ ನೋಡಿ. ಮೊದಲ ಕೈಲಿ ಎಲ್ಲಿಂದ ಶುರು ಮಾಡಿದ್ರೂ ಎತ್ತೋದು 4, 4, 4, ಆಮೇಲೆ 5, 5, 5, ಕೊನೆಗೆ 1. ಮುಂದಿನದ್ದು ಖಾಲಿ, ಅದರಾಚೆ 6 ಕಾಳು ಕಾಯ್ತಾ ಇರ್ತದೆ. ತಪ್ಪೋದೇ ಇಲ್ಲ, ಯಾಕಂದ್ರೆ ಶುರುವಿಗೆ ಎಲ್ಲ ಗುಳಿಯೂ ಸಮ. ಅದರಲ್ಲೂ ಒಂದು ಸೂಕ್ಷ್ಮ ಇದೆ. ನಮ್ಮ ಸಾಲಿನ ಬಲತುದಿ ಗುಳಿಯಿಂದ ಎತ್ತಿದ್ರೆ ಆ 6 ನಮ್ಮ ಸಾಲಿನದ್ದೇ ಆಗ್ತದೆ. ಉಳಿದ ಆರರಲ್ಲಿ ಎಲ್ಲಿಂದ ಎತ್ತಿದ್ರೂ ಎದುರಿನವರ ಸಾಲು ಬರಿದಾಗ್ತದೆ. ಅಜ್ಜಿ ಒಂದು ದಿನವೂ ಬಲತುದಿ ಮುಟ್ಟಿದ್ದು ನಾ ಕಾಣೆ. ಅಕ್ಷರ ಕಲಿತವರಲ್ಲ ಅವರು. ಅವರಿಗೆ ಇದನ್ನ ಹೇಳಿಕೊಟ್ಟವರು ಯಾರೋ, ಅವರಿಗೆ ಯಾರೋ. ಮುಮ್ಮಡಿಯವರದ್ದು ಗೋಡೆ ಮೇಲಿದೆ, ಅಟಾರಿಯವನದ್ದು ಕೋಣೆಲಿದೆ, ಇದು ಎಲ್ಲೂ ಬರೆದಿರ್ಲಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟೆ.

ಗುಳಿಗೆ 5 ಕಾಳು ಹಾಕಿ ಆಡೋ ಮನೆಯವರಿಗೆ ಲೆಕ್ಕ ಬೇರೆ. 5, 5, 5, 6, 6 ಎತ್ತೋದು, ಸಿಗೋದು 7. ಅಲ್ಲಿ ಬಿಡಬೇಕಾದ್ದು ಬಲತುದಿಯಲ್ಲ, ಎಡಗಡೆಯ ಮೊದಲ ಎರಡು ಗುಳಿ. 6 ಹಾಕಿ ಆಡೋರು ಯಾರಾದ್ರೂ ಇದ್ರೆ ಮಾಡಿ ನೋಡಿ, ಸಿಕ್ಕಾಗ ಎಷ್ಟು ಬಂತು ಹೇಳಿ.