ಸಾಲುಸೋಲಿನ ಲೆಕ್ಕ

ಜೂಜಿನ ಗಣಿತವು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ನಡುವಿನ ಪತ್ರವ್ಯವಹಾರದಿಂದ ಆರಂಭವಾಯಿತೆಂಬುದು ವಾಡಿಕೆಯ ಮಾತಾದರೂ, ಸತತ ಸೋಲಿನ ಪ್ರಶ್ನೆಗೆ ಕ್ರಮಬದ್ಧ ಉತ್ತರ ದೊರೆತದ್ದು ಎಂಬತ್ತು ವರ್ಷಗಳಿಗೂ ಮೀರಿ, ಲಂಡನ್ನಿನಲ್ಲಿ. 1685ರಲ್ಲಿ ಫ್ರೆಂಚ್ ಪ್ರಾಟೆಸ್ಟಂಟರಿಗಿದ್ದ ರಕ್ಷಣೆ ರದ್ದಾದ ಬಳಿಕ ತಾಯ್ನಾಡು ತೊರೆದ ಅಬ್ರಹಾಂ ಡಿ ಮೋವ್ರ, 1697ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದರೂ ವಿಶ್ವವಿದ್ಯಾಲಯದ ಹುದ್ದೆ ಸಿಗದೆ, ಮನೆಪಾಠ ಹೇಳುತ್ತ, ಸ್ಲಾಟರ್ಸ್ ಕಾಫಿ ಹೌಸಿನಲ್ಲಿ ಜೂಜುಗಾರರಿಗೆ ಲೆಕ್ಕ ಹಾಕಿಕೊಡುತ್ತ ಜೀವನ ಸಾಗಿಸಿದನು. 1718ರಲ್ಲಿ ಹೊರಬಂದ ಅವನ 'ಡಾಕ್ಟ್ರಿನ್ ಆಫ್ ಚಾನ್ಸಸ್' ಗ್ರಂಥದ ಎರಡನೆಯ ಆವೃತ್ತಿ (1738) ಈ ಸಮಸ್ಯೆಯನ್ನು ಕೈಗೆತ್ತಿಕೊಂಡಿತು.

ಸಮಸ್ಯೆಯ ತಿರುಳನ್ನು ನಾಣ್ಯದ ಚಿಮ್ಮಾಟದಲ್ಲಿ ಕಾಣಬಹುದು. ಈಗಿನಿಂದ ಮೂರು ಸಲ ಸತತವಾಗಿ ಸೋಲುವ ಸಂಭವನೀಯತೆ, ಅಂದರೆ ಸಮಾನ ಸಾಧ್ಯತೆಯ ಫಲಿತಗಳಲ್ಲಿ ಅಂಥವುಗಳ ಪಾಲು, ಎಂಟರಲ್ಲಿ ಒಂದು. ಆದರೆ ಹತ್ತು ಆಟಗಳ ನಡುವೆ ಎಲ್ಲಾದರೂ ಅಂಥದೊಂದು ಸರಣಿ ಕಾಣಿಸಿಕೊಳ್ಳುವ ಸಂಭವನೀಯತೆ ಅರ್ಧಕ್ಕೂ ಹೆಚ್ಚು. ಮೂರು ಸತತ ಸೋಲುಗಳಿಲ್ಲದ ಆಟಸಾಲುಗಳ ಎಣಿಕೆಯು ಆಟ ಒಂದೊಂದು ಹೆಚ್ಚಿದಂತೆ 2, 4, 7, 13, 24 ಎಂದು, ಪ್ರತಿ ಸಂಖ್ಯೆಯೂ ಹಿಂದಿನ ಮೂರರ ಮೊತ್ತವಾಗುತ್ತ ಬೆಳೆದು ಹತ್ತನೆಯ ಆಟಕ್ಕೆ 504 ಆಗುತ್ತದೆ. ಒಟ್ಟು 1024ರಲ್ಲಿ ಉಳಿದ 520 ಸಾಲುಗಳಲ್ಲಿ ಸರಣಿ ಇದ್ದೇ ಇರುತ್ತದೆ. ಹೀಗೆ ಹಿಂದಿನ ಪದಗಳಿಂದಲೇ ಮುಂದಿನ ಪದ ಹುಟ್ಟುವ ಶ್ರೇಣಿಗಳ ಸಿದ್ಧಾಂತವನ್ನು ಬೆಳೆಸಿದವರಲ್ಲಿ ಡಿ ಮೋವ್ರನೇ ಪ್ರಮುಖ. ಎರಡು ಸತತ ಸೋಲುಗಳಿಲ್ಲದ ಸಾಲುಗಳನ್ನು ಎಣಿಸಿದರೆ ಸಿಗುವ 2, 3, 5, 8 ಎಂಬ ಸಂಖ್ಯೆಗಳು, ಲಘು–ಗುರುಗಳಿಂದ ಮಾತ್ರಾವೃತ್ತಗಳನ್ನು ಎಣಿಸಿದ ಹನ್ನೆರಡನೆಯ ಶತಮಾನದ ಹೇಮಚಂದ್ರನಿಗೆ ಪರಿಚಿತವಾಗಿದ್ದವು. ಇವೆರಡರ ನಡುವೆ ಚಾರಿತ್ರಿಕ ನಂಟನ್ನು ಹುಡುಕುವುದು ವ್ಯರ್ಥವಾದರೂ ಎಣಿಕೆಯ ಕ್ರಮ ಒಂದೇ.

ಪೋಕರ್ ಪಂದ್ಯಾವಳಿಯು ಇದೇ ಲೆಕ್ಕವನ್ನು ಕಠಿಣ ರೂಪದಲ್ಲಿ ಮುಂದಿಟ್ಟಿತು. ಲಾಸ್ ವೇಗಸ್ಸಿನಲ್ಲಿ 1970ರಲ್ಲಿ ಆರಂಭವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮೊದಲ ವಿಜೇತನನ್ನು ಆಟಗಾರರ ಮತದಿಂದ ಆರಿಸಲಾಯಿತು. ಬಿಲ್ಲೆಗಳೆಲ್ಲ ಮುಗಿದವನು ಹೊರನಡೆಯುವ ಪದ್ಧತಿ 1971ರಲ್ಲಿ ಬಂದಿತು. ಇಂದು ಸಾಮಾನ್ಯವಾಗಿ ಪ್ರವೇಶ ಶುಲ್ಕ ಕಟ್ಟಿದವರಲ್ಲಿ ನೂರಕ್ಕೆ 10ರಿಂದ 15 ಮಂದಿಗಷ್ಟೇ ಬಹುಮಾನ ಸಿಗುವುದರಿಂದ, ಬರಿಗೈಯಲ್ಲಿ ಮರಳುವುದೇ ಇಲ್ಲಿನ ವಾಡಿಕೆ. ಬಹುಮಾನದ ಸಂಭವನೀಯತೆ ಶೇ. 15 ಎಂದಿಟ್ಟುಕೊಂಡರೆ ಮುಂದಿನ 20 ಪಂದ್ಯಾವಳಿಗಳಲ್ಲೂ ಏನೂ ಸಿಗದಿರುವ ಸಂಭವನೀಯತೆ ಶೇ. 4ಕ್ಕಿಂತ ಕಡಿಮೆ, ಆದರೆ 500 ಪಂದ್ಯಾವಳಿಗಳನ್ನು ಆಡುವವನ ಬದುಕಿನಲ್ಲಿ ಅಂಥ ಸರಣಿ ಒಮ್ಮೆಯಾದರೂ ಒದಗುವ ಸಂಭವನೀಯತೆ ಶೇ. 90ನ್ನು ಮೀರುತ್ತದೆ, ಅತಿ ದೀರ್ಘ ಸರಣಿ 30ರ ಆಸುಪಾಸಿಗೆ ಏರುವುದೂ ಸಹಜ. ಶೇ. 4ರ ಅಂಕಿಯನ್ನಷ್ಟೇ ನೋಡಿ ತನ್ನ ಆಟವೇ ಕೆಟ್ಟಿತೆಂದೋ ಎಲೆ ಹಂಚುವಿಕೆಯಲ್ಲೇ ಮೋಸವಿದೆಯೆಂದೋ ತೀರ್ಮಾನಿಸುವ ಆಟಗಾರನು ಸರಣಿ ಈಗಿನಿಂದಲೇ ಬರುವುದೇ, ನಡುವೆ ಎಲ್ಲಾದರೂ ಬರುವುದೇ ಎಂಬ ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿ ಬೆಸೆಯುತ್ತಾನೆ. ಆದರೂ ಈ ಲೆಕ್ಕವೆಲ್ಲ ಪ್ರತಿ ಪಂದ್ಯವೂ ಹಿಂದಿನದರಿಂದ ಸ್ವತಂತ್ರವೆಂಬ ಆಧಾರದ ಮೇಲೆ ನಿಂತಿದ್ದು, ಸೋತ ಸಿಟ್ಟಿನಲ್ಲಿ ದುಡುಕಿ ಆಡುವವನ ಮಟ್ಟಿಗೆ ಆ ಶೇ. 15 ಕೂಡ ಉಳಿಯುವುದಿಲ್ಲ.