ಗೌರವ ಬೋಧಕರಿಂದ ಅತಿಥಿ ಉಪನ್ಯಾಸಕರವರೆಗೆ

1918ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಸರ್ಕಾರದ ಸನ್ನದಿಲ್ಲದ ಒಂದು ವಿಶ್ವವಿದ್ಯಾಲಯ ಹುಟ್ಟಿತು. ಆನಿ ಬೆಸೆಂಟ್ ಕಟ್ಟಿದ ಆ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ ರವೀಂದ್ರನಾಥ ಠಾಕೂರರು ಕುಲಾಧಿಪತಿ. 1919ರಲ್ಲಿ ಅವರು ಅಡ್ಯಾರಿಗೆ ಬಂದು, ಭಾರತೀಯ ಸಂಸ್ಕೃತಿಗೆ ಕೇಂದ್ರವಾಗಬಲ್ಲ ವಿದ್ಯಾಸಂಸ್ಥೆ ಹೇಗಿರಬೇಕೆಂದು ಉಪನ್ಯಾಸ ಕೊಟ್ಟರು. ಮನ್ನಣೆಯಿಲ್ಲದ ಆ ಸಂಸ್ಥೆ ಬಹುಕಾಲ ಬಾಳಲಿಲ್ಲ. ಆದರೆ ಅದು ನಂಬಿದ್ದ ಒಂದು ವಿಚಾರ ನಮ್ಮ ಉನ್ನತ ಶಿಕ್ಷಣದಲ್ಲಿ ಈಗಲೂ ಉಳಿದಿದೆ: ಪಾಠ ಹೇಳುವುದು ಸೇವೆ, ಸಂಬಳ ಎರಡನೆಯ ಮಾತು. ಇಂದು ಕರ್ನಾಟಕದ ನಾಲ್ಕು ನೂರಕ್ಕೂ ಹೆಚ್ಚಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತಿರುವುದಕ್ಕೆ ಸಮಾಜ ಕೊಟ್ಟುಕೊಳ್ಳುವ ಸಮಾಧಾನದ ಹಿಂದೆಯೂ ಇದೇ ವಿಚಾರವಿದೆ. ಕಡಿಮೆ ಸಂಬಳದ ಹಾಗೂ ಅರೆಕಾಲಿಕ ಬೋಧನೆ ಹಿಂದೆ ಗೌರವದಿಂದ ನಡೆದದ್ದು, ಬೋಧಕನಿಗೆ ಕಾಲೂರಲು ಬೇರೊಂದು ನೆಲೆಯಿದ್ದುದರಿಂದ. ಆ ನೆಲೆಯನ್ನು ತೆಗೆದುಹಾಕಿ ರೂಢಿಯನ್ನು ಮಾತ್ರ ಉಳಿಸಿಕೊಂಡದ್ದು ನಮ್ಮ ಕಾಲದ ಅನ್ಯಾಯ.

ಮೊದಲ ನೆಲೆ, ಬೇರೆ ವೃತ್ತಿ. 1891ರಲ್ಲಿ ಆರಂಭವಾದ ಮದರಾಸು ಲಾ ಕಾಲೇಜಿನಲ್ಲಿ ಹೈಕೋರ್ಟಿನ ವಕೀಲರು ಪಾಠ ಹೇಳುತ್ತಿದ್ದರು. ಮುಂದೆ ಮದರಾಸು ವಿಶ್ವವಿದ್ಯಾಲಯದ ಕುಲಪತಿಯಾದ ಪಿ.ಎಸ್. ಶಿವಸ್ವಾಮಿ ಅಯ್ಯರ್ 1893ರಿಂದ 1899ರವರೆಗೆ ಅಲ್ಲಿ ಸಹಾಯಕ ಪ್ರಾಧ್ಯಾಪಕರಾಗಿದ್ದರು. ಅದೇ ಕಾಲದಲ್ಲಿ ವಕೀಲಿಯನ್ನೂ ಕಾನೂನು ಪತ್ರಿಕೆಯೊಂದರ ಸಂಪಾದಕತ್ವವನ್ನೂ ನಡೆಸಿದರು. ಇಂಥವರಿಗೆ ತರಗತಿ ಜೀವನೋಪಾಯವಾಗಿರಲಿಲ್ಲ. ನ್ಯಾಯಾಲಯದಲ್ಲಿ ಕಂಡದ್ದನ್ನು ವಿದ್ಯಾರ್ಥಿಗಳ ಮುಂದಿಡುವ ಅವಕಾಶ ಅದಾಗಿತ್ತು. ಅರೆಕಾಲಿಕ ಬೋಧನೆಯ ನಿಜವಾದ ಸಮರ್ಥನೆಯೂ ಇದೇ: ಹೊರಗಿನ ಅನುಭವ ಕಾಲೇಜಿನೊಳಕ್ಕೆ ಬರಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರಲ್ಲಿ ವೃತ್ತಿಪರಿಣತರನ್ನು ಪ್ರಾಧ್ಯಾಪಕರಾಗಿ ಕರೆತರಲು ರೂಪಿಸಿದ ವ್ಯವಸ್ಥೆ ಇದರ ಮುಂದುವರಿಕೆಯೇ. ಅದು ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರುವಂತಿಲ್ಲ, ಒಬ್ಬರಿಗೆ ಒಟ್ಟು 4 ವರ್ಷಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮಿತಿಯಿದ್ದಾಗ ಈ ಪದ್ಧತಿ ಆರೋಗ್ಯಕರವಾಗಿಯೇ ಇರುತ್ತದೆ.

ಎರಡನೆಯ ನೆಲೆ, ಸಂಸ್ಥೆಯ ಮೇಲಿನ ಹಕ್ಕು. ಬೆಸೆಂಟ್ ಬಳಗದಲ್ಲಿ ಗೌರವ ಸೇವೆಯ ರೂಢಿ ಅಡ್ಯಾರಿಗಿಂತ ಮೊದಲೇ, 1898ರಲ್ಲಿ ಕಾಶಿಯಲ್ಲಿ ತೆರೆದ ಸೆಂಟ್ರಲ್ ಹಿಂದೂ ಕಾಲೇಜಿನಲ್ಲೇ ಬೇರುಬಿಟ್ಟಿತ್ತು. ಅಲ್ಲಿನ ಮೊದಲ ಪ್ರಾಂಶುಪಾಲ ಆರ್ಥರ್ ರಿಚರ್ಡ್‌ಸನ್ ಸಂಬಳವಿಲ್ಲದೆ ದುಡಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗೋಪಾಲಕೃಷ್ಣ ಗೋಖಲೆ ತಿಂಗಳಿಗೆ 75 ರೂಪಾಯಿಗೆ ಇಪ್ಪತ್ತು ವರ್ಷ ಪಾಠ ಹೇಳಲು ಒಪ್ಪಿದ್ದರು. ಆದರೆ ಹೀಗೆ ಮಾತು ಕೊಟ್ಟ ಆಜೀವ ಸದಸ್ಯರೇ ಅಲ್ಲಿ ಕಾಲೇಜನ್ನು ನಡೆಸುವವರೂ ಆಗಿದ್ದರೆಂಬುದನ್ನು ಮರೆಯಬಾರದು. ಸಂಬಳ ಕಡಿಮೆಯಿದ್ದರೂ ಅಧಿಕಾರ ಅವರದೇ, ನಾಳೆಯ ಭಯ ಅವರಿಗಿರಲಿಲ್ಲ. ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಅಲೆಯಲ್ಲೇ 1917ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲ್ ಹುಟ್ಟಿತು. ಅದರ ವಿದ್ಯಾರ್ಥಿ ಎಚ್. ನರಸಿಂಹಯ್ಯ ಮುಂದೆ ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಾಗಿ, ಪ್ರಾಂಶುಪಾಲರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ದುಡಿದರೂ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದರು. ಅವರ ಸರಳತೆ ಅವರೇ ಆರಿಸಿಕೊಂಡದ್ದು. ಆ ಸಂಸ್ಥೆ ಅವರದಾಗಿತ್ತು, ಅವರು ಆ ಸಂಸ್ಥೆಯವರಾಗಿದ್ದರು. ಆರಿಸಿಕೊಂಡ ಬಡತನವನ್ನು ತೋರಿಸಿ ಹೇರಿದ ಬಡತನವನ್ನು ಸಮರ್ಥಿಸುವುದು ತ್ಯಾಗಕ್ಕೂ ಅವಮಾನ.

ಸರ್ಕಾರ ಪದವಿ ಕಾಲೇಜುಗಳನ್ನು ತಾಲ್ಲೂಕಿನವರೆಗೂ ಒಯ್ದಾಗ ಈ ಎರಡೂ ನೆಲೆಗಳು ಕುಸಿದವು. ಅಲ್ಲಿಂದ ಮುಂದೆ ನೇಮಕವನ್ನು ನಿರ್ಧರಿಸಿದ್ದು ಕಾರ್ಯಭಾರದ ಲೆಕ್ಕ. ಧನಸಹಾಯ ಆಯೋಗದ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಹೇಳಬೇಕು. ಒಂದು ವಿಷಯಕ್ಕೆ ವಾರಕ್ಕೆ 24 ಗಂಟೆಯಿದ್ದು ಒಬ್ಬರೇ ಕಾಯಂ ಅಧ್ಯಾಪಕರಿದ್ದರೆ 8 ಗಂಟೆ ಉಳಿಯುತ್ತದೆ. ಆ ಹೆಚ್ಚುವರಿಗೆ ಅತಿಥಿ ಉಪನ್ಯಾಸಕರು. ಇಷ್ಟಕ್ಕೇ ನಿಂತಿದ್ದರೆ ತಕರಾರಿರಲಿಲ್ಲ. ಆದರೆ ನಿವೃತ್ತರಾದವರ ಜಾಗ ತುಂಬದೆ ಬಿಟ್ಟಾಗ ಅವರ 16 ಗಂಟೆಯೂ ಹೆಚ್ಚುವರಿಯ ಲೆಕ್ಕಕ್ಕೇ ಸೇರಿತು. ತಮಿಳುನಾಡಿನ ಸರ್ಕಾರಿ ಕಲಾ ಕಾಲೇಜುಗಳಲ್ಲಿ 2006-07ರಲ್ಲಿ ಎರಡನೇ ಪಾಳಿ ಆರಂಭವಾದಾಗಲೂ ಪಾಠದ ಭಾರ ಬಿದ್ದದ್ದು ಅತಿಥಿ ಉಪನ್ಯಾಸಕರ ಮೇಲೆಯೇ. ಕರ್ನಾಟಕದಲ್ಲಿ ಇದರ ಇತಿಹಾಸ ಇನ್ನೂ ಹಳೆಯದು. ಖಾಸಗಿ ಕಾಲೇಜುಗಳಲ್ಲಿ ತಾತ್ಕಾಲಿಕ ಉಪನ್ಯಾಸಕರನ್ನು ಮೂರು ಮೂರು ತಿಂಗಳಿಗೆ ನೇಮಿಸಿ, ನಡುವೆ ಒಂದೆರಡು ದಿನ ಸೇವೆ ಮುರಿದು, ಮತ್ತೆ ಅವರನ್ನೇ ತೆಗೆದುಕೊಳ್ಳುವ ಪದ್ಧತಿ ವರ್ಷಗಟ್ಟಲೆ ನಡೆದಿತ್ತು. ಅವರ ಸಂಘ ಸುಪ್ರೀಂ ಕೋರ್ಟಿನ ಮೊರೆಹೋಯಿತು. 1992ರಲ್ಲಿ ನ್ಯಾಯಾಲಯ ಈ ಪದ್ಧತಿಯನ್ನು ಖಂಡಿಸಿ, ಮೂರು ವರ್ಷ ಸೇವೆ ಸಲ್ಲಿಸಿದವರನ್ನು ಸಕ್ರಮಗೊಳಿಸಲು ಹೇಳಿತು.

ಮೂವತ್ತು ವರ್ಷಗಳ ನಂತರ, 2022ರ ಜನವರಿಯಲ್ಲಿ, ಹೋರಾಟದ ಫಲವಾಗಿ ಕರ್ನಾಟಕ ಸರ್ಕಾರ ಅತಿಥಿ ಉಪನ್ಯಾಸಕರ ಗೌರವಧನವನ್ನು ಏರಿಸಿತು. ನಿಗದಿತ ಅರ್ಹತೆಯೊಂದಿಗೆ ಐದು ವರ್ಷಕ್ಕೂ ಹೆಚ್ಚು ಅನುಭವವಿದ್ದವರಿಗೆ ತಿಂಗಳಿಗೆ 13,000 ಇದ್ದದ್ದು 32,000 ರೂಪಾಯಿಯಾಯಿತು. ಇದು ದೊಡ್ಡ ಹೆಜ್ಜೆಯೇ. ಜೊತೆಗೆ ವಾರದ ಕಾರ್ಯಭಾರ 8-10 ಗಂಟೆಯಿಂದ 15 ಗಂಟೆಗೆ ಏರಿತು. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬೇಕು: 120 ಗಂಟೆಯ ಪಾಠಕ್ಕೆ, ತಲಾ 8 ಗಂಟೆಯಂತೆ 15 ಜನ ಬೇಕಿದ್ದಲ್ಲಿ, ಈಗ 8 ಜನ ಸಾಕು. ಒಬ್ಬರ ಏರಿಕೆಗೆ ಇನ್ನೊಬ್ಬರ ಕೆಲಸವೇ ಬೆಲೆಯಾಗುವ ಸ್ಥಿತಿ ಅದು. ಅದಕ್ಕಿಂತ ಮುಖ್ಯವಾಗಿ, ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಅತಿಥಿಗೆ 15. ಒಂದೇ ಗಂಟೆಯ ಅಂತರವಿರುವಾಗ ಇದನ್ನು ಅರೆಕಾಲಿಕ ಕೆಲಸವೆನ್ನಲು ಯಾವ ಆಧಾರವೂ ಉಳಿಯುವುದಿಲ್ಲ. ಇದು ಪೂರ್ಣ ಪ್ರಮಾಣದ ಹುದ್ದೆ; ಇಲ್ಲದಿರುವುದು ಪಿಂಚಣಿ, ಬಡ್ತಿ ಮತ್ತು ಮುಂದಿನ ವರ್ಷದ ಭರವಸೆ ಮಾತ್ರ.

ಈ ಕೆಲಸವನ್ನು ಕಾಯಂ ಹುದ್ದೆಯಾಗಿಸಬೇಕೆಂಬ ವಾದಕ್ಕೆ ಆಕ್ಷೇಪಗಳಿವೆ. ಮೊದಲನೆಯದು, ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಿದರೆ ಸ್ಪರ್ಧೆಗೆ ಕಾದಿರುವ ಇತರರಿಗೆ ಅನ್ಯಾಯ ಎಂಬುದು. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು ಇದನ್ನೇ, ಮತ್ತು ಅದರಲ್ಲಿ ಸತ್ಯವಿದೆ. ಆದರೆ ಅದೇ ತೀರ್ಪು, ತಾತ್ಕಾಲಿಕ ನೌಕರರು ದುಡಿಯುತ್ತಿರುವ ಮಂಜೂರಾದ ಖಾಲಿ ಹುದ್ದೆಗಳನ್ನು ಕ್ರಮಬದ್ಧ ನೇಮಕಾತಿಯಿಂದ ತುಂಬಬೇಕೆಂದೂ ಹೇಳಿತು. ಮೊದಲ ಮಾತನ್ನು ಆಡಳಿತ ನೆನಪಿಟ್ಟುಕೊಂಡಷ್ಟು ಎರಡನೆಯದನ್ನು ನೆನಪಿಟ್ಟುಕೊಂಡಿಲ್ಲ. ಎರಡನೆಯ ಆಕ್ಷೇಪ, ವಿದ್ಯಾರ್ಥಿಗಳ ಸಂಖ್ಯೆ ಏರಿಳಿಯುತ್ತದೆ, ಐಚ್ಛಿಕ ವಿಷಯಗಳು ಬದಲಾಗುತ್ತವೆ, ಆದ್ದರಿಂದ ಸ್ವಲ್ಪ ಸಡಿಲವಿರಬೇಕು ಎಂಬುದು. ಸರಿ, ಧನಸಹಾಯ ಆಯೋಗದ 2018ರ ನಿಯಮ ಗುತ್ತಿಗೆ ನೇಮಕಕ್ಕೆ ಶೇಕಡಾ 10ರ ಮಿತಿ ಹಾಕಿರುವುದು ಈ ಏರಿಳಿತಕ್ಕಾಗಿಯೇ. ಕನ್ನಡ, ಇತಿಹಾಸ, ವಾಣಿಜ್ಯದಂಥ ವಿಷಯಗಳ ಮೂಲ ತರಗತಿಗಳು ಪ್ರತಿ ವರ್ಷವೂ ಬರುತ್ತವೆ. ಮೂರನೆಯದು ಹಣದ ಮಾತು, ಇದೇ ಅತ್ಯಂತ ಗಟ್ಟಿಯಾದದ್ದು. ಆದರೆ ಅಗ್ಗದ ಬೋಧನೆಯ ಬೆಲೆಯನ್ನು ಯಾರೋ ತೆರುತ್ತಲೇ ಇರುತ್ತಾರೆ. ಪ್ರತಿ ವರ್ಷ ಮೇಷ್ಟ್ರು ಬದಲಾಗುವ ತಾಲ್ಲೂಕಿನ ಕಾಲೇಜಿನಲ್ಲಿ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವ ಹುಡುಗಿ ಅದನ್ನು ತೆರುತ್ತಾಳೆ.

ಪರಿಹಾರ ಕಾರ್ಯಭಾರದ ಲೆಕ್ಕದೊಳಗೇ ಇದೆ. ಒಂದು ವಿಷಯದಲ್ಲಿ ಸತತ ಮೂರು ವರ್ಷ ಹೆಚ್ಚುವರಿಯೆಂದು ತೋರಿಸಿದ ಗಂಟೆಗಳು 16ನ್ನು ಮುಟ್ಟಿದರೆ ಅವು ಹೆಚ್ಚುವರಿಯಲ್ಲ. ಅಲ್ಲಿ ಹುದ್ದೆ ಮಂಜೂರಾಗಬೇಕು. ಒಂದೇ ಕಾಲೇಜಿನಲ್ಲಿ ಅಷ್ಟು ಗಂಟೆ ಇಲ್ಲದಿದ್ದರೆ ಹತ್ತಿರದ ಎರಡು ಕಾಲೇಜುಗಳ ಗಂಟೆಗಳನ್ನು ಕೂಡಿಸಿ ಹುದ್ದೆ ಸೃಷ್ಟಿಸಬಹುದು. ಆ ಹುದ್ದೆಗೆ ಎಲ್ಲರಿಗೂ ಮುಕ್ತ ಸ್ಪರ್ಧೆಯಿರಲಿ, ಬೋಧನೆಯ ಅನುಭವಕ್ಕೆ ನ್ಯಾಯವಾದ ಅಂಕವಿರಲಿ. ಅಲ್ಲಿಯವರೆಗೆ ಅತಿಥಿಗಳಿಗೆ ಹನ್ನೆರಡು ತಿಂಗಳ ವೇತನ ಮತ್ತು ವಿಭಾಗದ ಸಭೆಯಲ್ಲಿ ಮಾತಾಡುವ ಹಕ್ಕು ಸಿಗಬೇಕು. ಅಡ್ಯಾರಿನ ಪ್ರಯೋಗ ಉಳಿಯಲಿಲ್ಲ. ಆದರೆ ಕಾಶಿಯಿಂದ ಬಸವನಗುಡಿಯವರೆಗೆ ಆ ಕಾಲದವರು ಶಿಕ್ಷಕರನ್ನು ಸಂಸ್ಥೆಯ ಒಳಗಿನವರೆಂದು ಕಂಡಿದ್ದರು. ಅವರ ಆದರ್ಶದಲ್ಲಿ ಇಂದಿಗೂ ಬೇಕಾದದ್ದು ಅದೊಂದೇ, ಮತ್ತು ಅದನ್ನು ಕಾಯಂ ಹುದ್ದೆಯ ಮೂಲಕವೇ ಕೊಡುವುದು ಸರ್ಕಾರದ ಹೊಣೆ.